ಬೆಣ್ಣೆಯಲ್ಲಿಲ್ಲ, ಮಜ್ಜಿಗೆಯಲ್ಲಿದೆ: ದಿನದ ಕ್ಯಾಲ್ಸಿಯಂ ಮನೆಯಲ್ಲೇ ಹೊಂದಿಸುವುದು ಹೇಗೆ?

ಜಗಳೂರು ಕಡೆಯ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮ ಹೋದ ವರ್ಷ ಬಚ್ಚಲ ಹೊಸ್ತಿಲಲ್ಲಿ ಜಾರಿದರು. ಬೀಳುವಾಗ ಕೈ ಊರಿದರು, ಅಷ್ಟೇ. ಮಣಿಕಟ್ಟು ಮುರಿಯಿತು. ದಾವಣಗೆರೆಗೆ ಕರೆತಂದು ತೋರಿಸಿದಾಗ, ಮೂಳೆ ಸವೆದಿದೆ, ಕ್ಯಾಲ್ಸಿಯಂ ಸಾಲದು ಅಂದರು ಡಾಕ್ಟರು. ದೊಡ್ಡಮ್ಮನಿಗೆ ನಂಬಿಕೆಯೇ ಬರಲಿಲ್ಲ. “ಕೊಟ್ಟಿಗೆಯಲ್ಲಿ ಎರಡು ಎಮ್ಮೆ ಅದಾವು. ನನಗ್ಯಾಕೆ ಕಮ್ಮಿ ಆಗುತ್ತೆ?” ಅಂತ ಕೇಳಿದರು.

ನ್ಯಾಯವಾದ ಪ್ರಶ್ನೆ, ಅಲ್ವಾ? ಆ ರಾತ್ರಿ ಅವರ ಪಕ್ಕ ಕೂತು ಇಡೀ ದಿನದ ಊಟ ಬರೆದುಕೊಂಡೆ. ಆಗ ಗೊತ್ತಾಯಿತು: ಬೆಳಗಿನ ಹಾಲು ಡೇರಿಗೆ. ಸಂಜೆಯ ಹಾಲು ಹೆಪ್ಪಿಗೆ. ಕಡೆದ ಬೆಣ್ಣೆ ಮಾರಾಟಕ್ಕೆ. ಮಜ್ಜಿಗೆ ಓಣಿಯವರಿಗೆ. ಅವರ ಪಾಲಿಗೆ ಉಳಿಯುತ್ತಿದ್ದದ್ದು ಟೀಗೆ ಹಾಕುವ ಹಾಲು ಮಾತ್ರ.

ಮೊದಲು ಒಂದು ದಿನದ ಲೆಕ್ಕ ಬರೆಯಿರಿ

ನಮ್ಮ ದೇಹದಲ್ಲಿರುವ ಕ್ಯಾಲ್ಸಿಯಂನಲ್ಲಿ ಶೇ 99ರಷ್ಟು ಮೂಳೆ ಮತ್ತು ಹಲ್ಲಿನಲ್ಲಿದೆ. ಉಳಿದ ಒಂದು ಪಾಲು ರಕ್ತದಲ್ಲಿ, ಸ್ನಾಯುಗಳಲ್ಲಿ ಓಡಾಡುತ್ತದೆ. ಆ ಒಂದು ಪಾಲು ಇಲ್ಲದೆ ಹೃದಯ ಬಡಿಯುವುದಿಲ್ಲ, ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದಕ್ಕೇ ಊಟದಲ್ಲಿ ಕಮ್ಮಿಯಾದ ದಿನ ದೇಹ ಸುಮ್ಮನೆ ಕೂರುವುದಿಲ್ಲ, ಮೂಳೆಯಿಂದ ತೆಗೆದು ರಕ್ತಕ್ಕೆ ಕೊಡುತ್ತದೆ. ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಈ ಕೆಲಸ ನೋಡಿಕೊಳ್ಳುತ್ತವೆ. ಹಾಗಾಗಿ ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿ ಇದೆ ಅಂತ ಬಂದ ಮಾತ್ರಕ್ಕೆ ಮೂಳೆ ಗಟ್ಟಿ ಇದೆ ಅಂತ ಅರ್ಥವಲ್ಲ. ಇದನ್ನು ದಯವಿಟ್ಟು ನೆನಪಿಡಿ. ಸುಮಾರು 30 ವರ್ಷದವರೆಗೆ ಮೂಳೆಯಲ್ಲಿ ಕೂಡಿಟ್ಟದ್ದೇ ಮುಂದಿನ ಬದುಕಿನ ಗಂಟು. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಆ ಗಂಟು ಬೇಗ ಬೇಗ ಕರಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕದಂತೆ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. ಹಾಲೂಡಿಸುವ ತಾಯಂದಿರಿಗೆ ಮತ್ತು 60 ದಾಟಿದವರಿಗೆ 1200.

ಈಗ ನಮ್ಮ ಕಡೆಯ ಮಾಮೂಲಿ ಊಟ ನೋಡಿ. ಮೂರು ಟೀ, ಅದರಲ್ಲಿ ಒಟ್ಟು 150 ಮಿಲಿ ಹಾಲು: 180 ಮಿಲಿಗ್ರಾಂ. ಎರಡು ಜೋಳದ ರೊಟ್ಟಿ: 30ರ ಒಳಗೆ. ಬೇಳೆ ಸಾರು, ಬದನೆಕಾಯಿ ಪಲ್ಯ, ಅನ್ನ ಎಲ್ಲ ಸೇರಿ 60. ಬೆಳಗಿನ ತಿಂಡಿ ಒಂದಿಪ್ಪತ್ತು. ತೆಳ್ಳನೆ ಮಜ್ಜಿಗೆ ಒಂದು ಲೋಟ: 60. ಕೂಡಿದರೆ 350. ಹೊಟ್ಟೆ ತುಂಬಿದೆ, ಮೂಳೆಗೆ ಬೇಕಾದದ್ದರಲ್ಲಿ ಅರ್ಧವೂ ಬಂದಿಲ್ಲ.

ಆಮೇಲೆ ಮಜ್ಜಿಗೆ ಮನೆಯಲ್ಲೇ ಉಳಿಸಿಕೊಳ್ಳಿ

ಬೆಣ್ಣೆ ದೋಸೆಯ ಊರಿನವರಾದ ನಮಗೆ ಇದು ಸ್ವಲ್ಪ ಬೇಜಾರಿನ ಸಂಗತಿ. ಹಾಲಿನ ಕ್ಯಾಲ್ಸಿಯಂ ಕೊಬ್ಬಿನ ಜೊತೆ ಬರುವುದಿಲ್ಲ. ಅದು ಹಾಲಿನ ಪ್ರೋಟೀನು ಮತ್ತು ನೀರಿನ ಭಾಗದಲ್ಲಿರುತ್ತದೆ. ಕಡೆದಾಗ ಬೆಣ್ಣೆ ಮೇಲೆ ತೇಲುತ್ತದೆ, ಕ್ಯಾಲ್ಸಿಯಂ ಕೆಳಗೆ ಮಜ್ಜಿಗೆಯಲ್ಲೇ ನಿಲ್ಲುತ್ತದೆ. 100 ಗ್ರಾಂ ಬೆಣ್ಣೆಯಲ್ಲಿ ಇರುವುದು 20-25 ಮಿಲಿಗ್ರಾಂ ಅಷ್ಟೇ. ಅದೇ 100 ಮಿಲಿ ಹಾಲಿನಲ್ಲಿ ಸುಮಾರು 120. ಬೆಣ್ಣೆ ಮಾರಿ, ತೊಂದರೆ ಇಲ್ಲ. ಮಜ್ಜಿಗೆಯನ್ನು ಜಾಸ್ತಿ ನೀರು ಬೆರೆಸದೆ ಎರಡು ಲೋಟ ಕುಡಿಯಿರಿ, ಇಲ್ಲವೇ ಒಂದು ಬಟ್ಟಲು ಮೊಸರು ಉಣ್ಣಿ. ಕೊಬ್ಬಿನ ಭಯ ಇದ್ದವರು ಕೆನೆ ತೆಗೆದ ಹಾಲು ಕುಡಿದರೂ ಅಷ್ಟೇ ಕ್ಯಾಲ್ಸಿಯಂ ಸಿಗುತ್ತದೆ.

ರಾಗಿಗೆ ಮೊಳಕೆ ಕಟ್ಟಿ

ಸಿರಿಧಾನ್ಯ ಅಂದರೆ ಎಲ್ಲ ಒಂದೇ ಅಂದುಕೊಳ್ಳಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಜೋಳ, ಸಜ್ಜೆ, ನವಣೆಯಲ್ಲಿ 30ರ ಆಸುಪಾಸು. ಚಿತ್ರದುರ್ಗದ ಕಡೆಯವರ ಮುದ್ದೆಯ ಬೆಲೆ ಇಲ್ಲಿದೆ. ರೊಟ್ಟಿಯ ಮನೆಯವರು ವಾರದಲ್ಲಿ ನಾಲ್ಕು ದಿನವಾದರೂ ಮಧ್ಯಾಹ್ನ ಮುದ್ದೆಗೆ ಬದಲಾಗಬಹುದು.

ರಾಗಿಯಲ್ಲಿ ಫೈಟೇಟ್ ಅನ್ನುವ ಅಂಶವೂ ಇದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸೇರಲು ಬಿಡುವುದಿಲ್ಲ. ಮೊಳಕೆ ಬಂದಾಗ ಆ ಹಿಡಿತ ಸಡಿಲಾಗುತ್ತದೆ. ಒಂದು ಸೇರು ರಾಗಿಯನ್ನು ಕಲ್ಲು ಆರಿಸಿ, ಮೂರು ನೀರಿನಲ್ಲಿ ತೊಳೆಯಿರಿ. ರಾತ್ರಿಯೆಲ್ಲ ನೆನೆಸಿ. ಬೆಳಿಗ್ಗೆ ನೀರು ಬಸಿದು, ಒದ್ದೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ನೆರಳಿನಲ್ಲಿ ತೂಗುಹಾಕಿ. ಬಟ್ಟೆ ಒಣಗಿದಾಗ ನೀರು ಚಿಮುಕಿಸಿ. ಬೇಸಿಗೆಯಲ್ಲಿ ಒಂದೇ ದಿನಕ್ಕೆ, ಚಳಿಗಾಲದಲ್ಲಿ ಎರಡು ದಿನಕ್ಕೆ ಬಿಳಿ ದಾರದ ಎಳೆಯಂಥ ಮೊಳಕೆ ಕಾಣುತ್ತದೆ. ಗಂಟು ಬಿಚ್ಚಿದಾಗ ಸಿಹಿ ವಾಸನೆ ಬರಬೇಕು. ಹುಳಿ ವಾಸನೆ ಬಂದರೆ ಕೆಟ್ಟಿದೆ ಅಂತ, ಬಿಸಾಡಿ. ಚೆನ್ನಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟು ಹುರಿದು ಗಿರಣಿಗೆ ಕೊಡಿ.

ಬಂದ ಹಿಟ್ಟನ್ನು ಬಟ್ಟೆಯಲ್ಲಿ ಜರಡಿ ಹಿಡಿಯಬೇಡಿ. ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿ ಸಿಪ್ಪೆಯಲ್ಲೇ ಇರುವುದು. ನುಣ್ಣಗೆ, ಬೆಳ್ಳಗೆ ಮಾಡಲು ಹೋಗಿ ಅದನ್ನೇ ಆಚೆ ಚೆಲ್ಲುತ್ತೇವೆ. ಕೂಸಿನ ಸರಿಗೆ ಮಾತ್ರ ಸೋಸಿ.

ಚಟ್ನಿಪುಡಿಗೆ ಎಳ್ಳು, ಸಾರಿಗೆ ನುಗ್ಗೆಸೊಪ್ಪು

ಸಿಪ್ಪೆ ತೆಗೆಯದ ಎಳ್ಳು ಒಂದು ದೊಡ್ಡ ಚಮಚದಲ್ಲಿ 120 ಮಿಲಿಗ್ರಾಂ ಹತ್ತಿರ ಸಿಗುತ್ತದೆ. ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ತುಂಬಾ ಕಮ್ಮಿ. ಹುರುಳಿಕಾಳೂ ಒಳ್ಳೆಯದು. ನುಗ್ಗೆಸೊಪ್ಪು 100 ಗ್ರಾಂನಲ್ಲಿ 300ಕ್ಕೂ ಮೇಲೆ. ಹಿತ್ತಲ ಗಿಡದಿಂದ ಒಂದು ಹಿಡಿ ಕಿತ್ತು ಬೇಳೆಗೆ ಹಾಕಿದರೆ ಆಯಿತು, ಕಾಸು ಖರ್ಚಿಲ್ಲ. ಪಾಲಕ್‌ನಲ್ಲೂ ಕ್ಯಾಲ್ಸಿಯಂ ಇದೆ. ಆದರೆ ಆ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಅನ್ನುವ ಅಂಶ ಅದನ್ನು ಕಟ್ಟಿಹಾಕುವುದರಿಂದ ನಮಗೆ ದಕ್ಕುವುದು ಬಹಳ ಸ್ವಲ್ಪ. ಮೀನು ತಿನ್ನುವವರು ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ತನ್ನಿ.

ದೊಡ್ಡಮ್ಮನ ಹೊಸ ಲೆಕ್ಕ ಹೀಗಿದೆ: ಬೆಳಿಗ್ಗೆ ಹಾಲು ಹಾಕಿದ ರಾಗಿ ಅಂಬಲಿ 290, ಮಧ್ಯಾಹ್ನ ಒಂದು ಮುದ್ದೆ 360, ನುಗ್ಗೆಸೊಪ್ಪಿನ ಸಾರು 150, ಎಳ್ಳಿನ ಪುಡಿ 120, ಮೊಸರು 180, ಟೀ ಹಾಲು 120. ಒಟ್ಟು 1220. ಇದನ್ನು ದಿನವಿಡೀ ಹಂಚಿ ತಿನ್ನುವುದು ಮುಖ್ಯ. ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಿದರೆ ದೇಹ ಹೀರಿಕೊಳ್ಳುವ ಪಾಲು ಕಮ್ಮಿಯಾಗುತ್ತಾ ಹೋಗುತ್ತದೆ.

ಬಿಸಿಲು, ನೀರು

ವಿಟಮಿನ್ ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಸರಿಯಾಗಿ ದೇಹಕ್ಕೆ ಹತ್ತುವುದಿಲ್ಲ. ಎಳೆ ಬಿಸಿಲು ಹಿತ, ಆದರೆ ಅದರಲ್ಲಿ ಡಿ ಅಷ್ಟಾಗಿ ಆಗುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನಲ್ಲಿ ಮುಖ, ತೋಳು ಬಿಸಿಲಿಗೆ ಬೀಳಬೇಕು, 20 ನಿಮಿಷದಷ್ಟು. ಕಿಟಕಿಯ ಗಾಜಿನ ಒಳಗಿನ ಬಿಸಿಲು ಲೆಕ್ಕಕ್ಕಿಲ್ಲ.

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಕೆಡುತ್ತವೆ. ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಇದ್ದವರಿಗೆ ಈ ಪೆಟ್ಟು ಜೋರು. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರನ್ನು ಪರೀಕ್ಷೆ ಮಾಡಿಸಿ, ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದ ನೀರು ತನ್ನಿ.

ಸುಣ್ಣ, ಕಾಲು ಸೂಪ್, ಮಾತ್ರೆ

ಎಲೆ ಅಡಿಕೆಯ ಸುಣ್ಣದಿಂದ ಕ್ಯಾಲ್ಸಿಯಂ ಸಿಗುತ್ತದೆ ಅಂತ ಬಾಣಂತಿಯರಿಗೂ ಕೊಡುತ್ತಾರೆ. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಅಡಿಕೆ ಜಗಿಯುವುದು ಬಾಯಿ ಕ್ಯಾನ್ಸರಿಗೆ ದಾರಿ. ಬಾಣಂತಿಗೆ ಹಾಲು ಕೊಡಿ, ಎಳ್ಳುಂಡೆ ಕೊಡಿ. ಮುರಿದ ಮೂಳೆಗೆ ಅಂತ ಕುಡಿಸುವ ಕಾಲು ಸೂಪಿನಲ್ಲೂ ಕ್ಯಾಲ್ಸಿಯಂ ಅತ್ಯಲ್ಪ. ಮೂಳೆ ಬೇಯಿಸಿದರೆ ಅದು ನೀರಿಗೆ ಇಳಿಯುವುದಿಲ್ಲ.

ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿಂದ ಸರ್ಕಾರಿ ಆಸ್ಪತ್ರೆಯಲ್ಲಿ 500 ಮಿಲಿಗ್ರಾಂನ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆ ಎರಡರಂತೆ ಕೊಡುತ್ತಾರೆ. ಹೆರಿಗೆಯಾದ ಮೇಲೂ ಆರು ತಿಂಗಳು ನುಂಗಬೇಕು. ಊಟದ ಜೊತೆ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆಯನ್ನು ಇದರ ಜೊತೆ ನುಂಗಬೇಡಿ, ಎರಡು ಗಂಟೆಯಾದರೂ ಬಿಡುವಿರಲಿ. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು.

ಕಿಡ್ನಿ ಕಲ್ಲು ಇದ್ದವರು ಹೆದರಿ ಹಾಲು, ಮೊಸರು ಬಿಡುತ್ತಾರೆ. ಬಿಡಬೇಡಿ. ಊಟದ ಕ್ಯಾಲ್ಸಿಯಂ, ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಹೊರಗೆ ಕಳಿಸುತ್ತದೆ. ಆದರೆ ಮಾತ್ರೆಯ ವಿಷಯ ಬೇರೆ. ಕಲ್ಲು ಅಥವಾ ಕಿಡ್ನಿ ತೊಂದರೆ ಇದ್ದವರು ಮೆಡಿಕಲ್ ಶಾಪಿನಿಂದ ತಾವಾಗಿಯೇ ಮಾತ್ರೆ ತಂದು ನುಂಗಬಾರದು, ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.