ಅಮೃತಮಹಲ್ ಹೋರಿಗರು ನೊಗಕ್ಕೆ ಬರುವ ತನಕ

ಅಜ್ಜಂಪುರದ ಹರಾಜಿನಲ್ಲೋ, ಬೀರೂರು, ಕಡೂರು ಕಡೆಯ ರೈತರಿಂದಲೋ ಅಮೃತಮಹಲ್ ತಳಿಯ ಹೋರಿಗರು ತರುವವರಲ್ಲಿ ಕೊಂಬು ನೋಡಿ ಮನಸೋಲುವವರೇ ಹೆಚ್ಚು. ದುಡಿಯುವುದು ಕಾಲು. ಗೊರಸು ಗಿಡ್ಡಕ್ಕೆ, ಗಟ್ಟಿಯಾಗಿ, ಕಪ್ಪಗಿರಬೇಕು. ಎರಡು ಸೀಳೂ ಅಗಲವಾಗಿ ಬಿರಿದಿದ್ದರೆ ಬಿಟ್ಟುಬಿಡಿ. ಜೋಡಿಗೆ ಎತ್ತರ, ನಡಿಗೆ ಎರಡೂ ಹೊಂದಬೇಕು, ಬಣ್ಣ ಆಮೇಲಿನ ಮಾತು.

ಕಾವಲಿನಲ್ಲಿ, ಅಂದರೆ ಈ ದನಗಳಿಗೆಂದೇ ಬಿಟ್ಟ ಹುಲ್ಲುಗಾವಲಿನಲ್ಲಿ, ಬೆಳೆದ ಕರುವಿಗೆ ಮನುಷ್ಯರ ಕೈ ಗೊತ್ತಿರುವುದಿಲ್ಲ. ತಂದ ದಿನವೇ ಹಗ್ಗ ಹಿಡಿದು ಎಳೆದಾಡಿದರೆ ಹಾಯಲು ಬರುತ್ತದೆ. ಮೊದಲ ಹದಿನೈದು ದಿನ ಮೇವು, ನೀರು ಒಬ್ಬರೇ ಕೊಡಲಿ, ಒಂದೇ ಹೆಸರಿನಿಂದ ಕರೆಯಲಿ. ಗಂಗೆದೊಗಲು ತುರಿಸುವಾಗ ಕತ್ತು ನೀಡಿ ಕಣ್ಣು ಅರೆಮುಚ್ಚಿತೆಂದರೆ ಅರ್ಧ ಕೆಲಸ ಆದಂತೆ. ಈ ತಳಿಯನ್ನು ಹೊಡೆದು ಪಳಗಿಸಲು ಹೋಗಬೇಡಿ, ಮೊಂಡುಬೀಳುತ್ತದೆ.

ಮೂಗುದಾರಕ್ಕೆ ಒಂದೂವರೆ ವರ್ಷವಾದರೂ ಆಗಲಿ. ಹೊಳ್ಳೆಗಳ ನಡುವೆ ಬೆರಳಿಟ್ಟು ಒತ್ತಿದರೆ ಗಟ್ಟಿ ಎಲುಬಿನಂಥದು ಸಿಗುತ್ತದೆ; ಅದರ ಮುಂದಿನ ತೆಳ್ಳಗಿನ ಮೆತ್ತನೆ ಜಾಗದಲ್ಲೇ ಚುಚ್ಚಬೇಕು. ಗಟ್ಟಿ ಭಾಗಕ್ಕೆ ಚುಚ್ಚಿದರೆ ಕೀವು ಕಟ್ಟುತ್ತದೆ, ತೀರಾ ತುದಿಗೆ ಚುಚ್ಚಿದರೆ ಜಗ್ಗಿದಾಗ ಹರಿದು ಬರುತ್ತದೆ. ನೈಲಾನ್ ಹಗ್ಗ ಕೊಯ್ಯುತ್ತದೆ, ಹತ್ತಿಯದೇ ಹಾಕಿ. ಗಾಯ ಮಾಯುವವರೆಗೆ ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿ, ಮೂಗುದಾರ ಹಿಡಿದು ಎಳೆಯಬೇಡಿ.

ಬೀಜ ಒಡೆಸಲು (ಹೋರಿತನ ತೆಗೆಸಲು) ಆತುರ ಬೇಡ. ಮುಂದಿನ ಎರಡು ಹಾಲುಹಲ್ಲು ಬೀಳುವ ಮೊದಲೇ ಒಡೆಸಿದರೆ ಹಿಣಿಲು (ಹೆಗಲ ಮೇಲಿನ ಡುಬ್ಬ), ಕತ್ತು ತುಂಬುವುದಿಲ್ಲ. ಬಹಳ ತಡ ಮಾಡಿದರೆ ಪುಂಡಾಟ ಬಿಡುವುದಿಲ್ಲ. ಸುಮಾರು ಮೂರು ವರ್ಷಕ್ಕೆ, ನೊಣದ ಕಾಟವಿಲ್ಲದ ಚಳಿಗಾಲದಲ್ಲಿ, ಪಶುವೈದ್ಯರಿಂದ, ಚರ್ಮ ಕೊಯ್ಯದೆ ಒಳಗಿನ ನರ ಹಿಚುಕುವ ಬರ್ಡಿಜೋ ಇಕ್ಕಳದಲ್ಲೇ ಮಾಡಿಸಿ. ಬೀಜದ ಒಂದೊಂದು ನರವನ್ನೂ ಬೇರೆ ಬೇರೆಯಾಗಿ, ಮೇಲೆ ಕೆಳಗೆ ಹಿಚುಕಬೇಕು. ಒಂದೇ ಸಾಲಿಗೆ ಹಿಚುಕಿದರೆ ರಕ್ತ ಓಡದೆ ಬೀಜದ ಚೀಲವೇ ಕೊಳೆಯುತ್ತದೆ.

ಪೂರ್ತಿ ಚೇತರಿಸಿಕೊಂಡ ಮೇಲೆ, ಪಳಗಿದ ಹಳೇ ಎತ್ತಿನ ಜೊತೆ ಹೂಡಿ. ಮೊದಲ ವಾರ ಬರೀ ನೊಗ ಹೊತ್ತು ನಡೆಯಲಿ. ಆಮೇಲೆ ಇಪ್ಪತ್ತು ಕಿಲೋ ತೂಗುವ ಮರದ ತುಂಡು ಎಳೆಯಲಿ, ಉತ್ತ ಹೊಲದಲ್ಲಿ, ಬೆಳಗಿನ ತಂಪಲ್ಲಿ, ಒಂದು ಗಂಟೆ ಮಾತ್ರ. ಕುಂಟೆ, ನೇಗಿಲು, ಕೊನೆಗೆ ಖಾಲಿ ಗಾಡಿ. ಗಾಡಿಯನ್ನೇ ಮೊದಲು ಕಟ್ಟಿದರೆ ಹಿಂದಿನ ಸದ್ದಿಗೆ ಬೆದರಿ ಓಡುತ್ತವೆ. ಆ ಚಾಳಿ ಬಿಡಿಸುವುದು ಕಷ್ಟ. ಎಡಕ್ಕೆ ಹೂಡಿದ್ದನ್ನು ಎಡಕ್ಕೇ ಹೂಡಿ.

ದುಡಿಯುವ ದಿನ 350 ಕಿಲೋ ತೂಗುವ ಎತ್ತಿಗೆ ರಾಗಿ ಹುಲ್ಲು ಐದಾರು ಕಿಲೋ, ಹಸಿಮೇವು ಹತ್ತು ಕಿಲೋ, ಬೇಯಿಸಿದ ಹುರುಳಿ ಒಂದು ಕಿಲೋ, ಒಂದು ಹಿಡಿ ಉಪ್ಪು. ಚಪ್ಪೆ ಬೇನೆ, ಗಂಟಲು ಬೇನೆಯ ಲಸಿಕೆ ಮುಂಗಾರಿಗೆ ಮೊದಲೇ ಆಗಬೇಕು.

ಹೆಗಲು ಹುಣ್ಣಾಗುವುದು ಹೆಚ್ಚಾಗಿ ನೊಗದ ತಪ್ಪಿಗೆ: ಅದರ ಮೈ ಒರಟಾಗಿದ್ದರೆ ಅಥವಾ ಜೋಡಿಯ ಎತ್ತರ ಹೊಂದದಿದ್ದರೆ. ಒದ್ದೆ ಹೆಗಲಿಗೆ ನೊಗ ಇಡಲೇಬೇಡಿ. ಹೆಗಲು ಬಿಸಿಯಾಗಿ ಬಾತಿದ್ದು ಕೈಗೆ ಸಿಕ್ಕರೆ ಅಂದೇ ಹೂಡುವುದು ನಿಲ್ಲಿಸಿ. ಹೊಸ ಚರ್ಮ ಬಂದು ಗಟ್ಟಿಯಾಗುವ ತನಕ ಮತ್ತೆ ಹೂಡಬೇಡಿ. ಲಾಳ ಹೊಡೆಸುವುದು ಟಾರು ರಸ್ತೆಗೆ ಹೋಗುವ ಎತ್ತಿಗೆ ಮಾತ್ರ ಸಾಕು.