ಹುಳ ನೋಡಬೇಕೆ? ಒಂದೇ ಗಿಡದ ಮುಂದೆ ಕೂರಿ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೊರಟಿತೆಂದರೆ ಚಾಮುಂಡಿ ಬೆಟ್ಟದ ತಪ್ಪಲಿಗೂ ಕುಕ್ಕರಹಳ್ಳಿ ಕೆರೆ ಏರಿಗೂ ಮೊಬೈಲ್ ಹಿಡಿದವರ ದಂಡು ಬರುತ್ತದೆ. ಚಿಟ್ಟೆ ಕಂಡರೆ ಅದರ ಹಿಂದೆ ಓಡುವುದು, ಅದು ಹಾರಿದ ಮೇಲೆ ‘ಇಲ್ಲೇನೂ ಇಲ್ಲ ಬಿಡ್ರೀ’ ಎಂದು ದೋಸೆ ತಿನ್ನಲು ಹೊರಡುವುದು. ಹುಳಗಳೆಲ್ಲ ಅವರ ಮೊಣಕಾಲಿನ ಎತ್ತರದಲ್ಲೇ ಇದ್ದವು.

ಹೊತ್ತು. ಬೆಳಿಗ್ಗೆ 7ರಿಂದ 10. ಬಿಸಿಲಿಗೆ ಮೈ ಕಾಯುವ ತನಕ ಹುಳಗಳು ಮಂಕಾಗಿ ಕೂತಿರುತ್ತವೆ. ವಿಷ್ಣುಕ್ರಾಂತಿಯ ನೀಲಿ ಹೂ ನೋಡಬೇಕೆಂದರೂ ಬೆಳಿಗ್ಗೆಯೇ ಬನ್ನಿ, ಮಧ್ಯಾಹ್ನದ ಹೊತ್ತಿಗೆ ಮುದುಡಿಕೊಳ್ಳುತ್ತದೆ.

ಗಿಡ. ತುಂಬೆ. ಬೇರೆ ಯೋಚನೆಯೇ ಬೇಡ. ಮುತ್ತುಗ ಕಣ್ಣಿಗೆ ಹಬ್ಬ ನಿಜ, ಆದರೆ ಅಲ್ಲಿಗೆ ಬರುವವು ಹೆಚ್ಚಾಗಿ ಸೂರಕ್ಕಿ, ಮೈನಾಗಳು. ಹೊಂಗೆಗೆ ಜೇನು ಮುತ್ತುತ್ತದೆ, ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ನೋವು ಬರುತ್ತದೆ ಅಷ್ಟೆ. ತುಂಬೆ ಸಿಗದಿದ್ದರೆ ಲಂಟಾನ ಆದೀತು. ಕಾಡು ನುಂಗುವ ಕಳೆ ಎಂದು ಅದನ್ನು ಬೈಯೋಣ, ಚಿಟ್ಟೆಗಳಂತೂ ಬೈಯುವುದಿಲ್ಲ.

ಕೂರುವುದು. ಎಲ್ಲರೂ ಕೆಡಿಸುವುದು ಇಲ್ಲೇ. ಬಿಸಿಲಿಗೆ ಬೆನ್ನು ಹಾಕಿ ಕೂತರೆ ನಿಮ್ಮ ನೆರಳು ಗಿಡದ ಮೇಲೆ ಬೀಳುತ್ತದೆ, ನೆರಳು ಬಿದ್ದೊಡನೆ ಹುಳ ಮಾಯ. ಸೂರ್ಯ ಎಡಕ್ಕೋ ಬಲಕ್ಕೋ ಇರಲಿ. ಗಿಡದಿಂದ ಎರಡು ಮಾರು ದೂರದಲ್ಲಿ ಕೂತು ಹತ್ತು ನಿಮಿಷ ಸುಮ್ಮನಿರಿ. ಮೊದಲು ಕಾಣುವುದು ಇರುವೆ. ಆಮೇಲೆ ನಸರು ಜೇನು, ಕಪ್ಪಗೆ, ಸಣ್ಣ ನೊಣದಷ್ಟು. ಅದು ಹೂವಿನೊಳಗೆ ತಲೆ ಹಾಕಿದಾಗ ಮಾತ್ರ ಮುಂದಕ್ಕೆ ಸರಿಯಿರಿ, ತಲೆ ಹೊರತೆಗೆದರೆ ಹಾಗೇ ನಿಲ್ಲಿ. ಮತ್ತೆ ತಲೆ ಹಾಕಿತೇ, ಇನ್ನಷ್ಟು ಸರಿಯಿರಿ. ಮೊಣಕೈ ಮಂಡಿಯ ಮೇಲಿರಲಿ. ಹೂವನ್ನು ಬೆರಳಲ್ಲಿ ಹಿಡಿದು ತಮ್ಮ ಕಡೆ ಬಗ್ಗಿಸಿಕೊಳ್ಳುವವರಿದ್ದಾರೆ, ಅವರಿಗೆ ಖಾಲಿ ಹೂವಿನ ಫೋಟೊ ಸಿಗುತ್ತದೆ.

ಜೇನಿನಂತೆ ಪಟ್ಟೆಯಿದ್ದು ಗಾಳಿಯಲ್ಲಿ ಒಂದೇ ಕಡೆ ನಿಂತಿದ್ದರೆ ರೆಕ್ಕೆ ನೋಡಿ. ಜೇನಿಗೆ ನಾಲ್ಕು, ನೊಣಕ್ಕೆ ಎರಡು. ರೆಕ್ಕೆ ಎಣಿಸಲಾಗದಿದ್ದರೆ ಮುಖ ನೋಡಿ: ಬಹುಪಾಲು ಕಣ್ಣೇ, ಮೀಸೆ ಇದೆಯೋ ಇಲ್ಲವೋ ಎಂಬಷ್ಟು ಗಿಡ್ಡ. ಅದು ನೊಣ, ಜೇನಿನ ವೇಷ ಹಾಕಿದೆ, ಕಚ್ಚುವುದಿಲ್ಲ. ಇನ್ನು ಹೂವಿಗೆ ಜೋತುಬಿದ್ದ ಜೇನು ಮಿಸುಕಾಡದೇ ಇದ್ದರೆ ಹೂವಿನ ಅಡಿಗೆ ಬಗ್ಗಿ ನೋಡಿ. ಏಡಿಯಂತೆ ಮುಂಗಾಲು ಚಾಚಿದ ಜೇಡ ಅದರ ಕುತ್ತಿಗೆ ಹಿಡಿದಿರುತ್ತದೆ. ಈ ಜೇಡ ಬಲೆ ನೇಯ್ದು ಬೇಟೆ ಹಿಡಿಯುವುದಲ್ಲ, ಹೂವಿನ ಮೇಲೇ ಹೊಂಚು ಹಾಕುತ್ತದೆ.

ಫೋಟೊ. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಮ್ಯಾಕ್ರೊ ಲೆನ್ಸ್ ಕೊಳ್ಳಬೇಡಿ. ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋಗದೆ ಅದರಲ್ಲಿ ಏನೂ ಸ್ಪಷ್ಟವಾಗದು, ಅಂಚೆಲ್ಲ ಮಬ್ಬು. ಸ್ವಲ್ಪ ದೂರದಿಂದ ಎರಡು ಪಟ್ಟು ಜೂಮ್ ಮಾಡಿ, ಒಂದೇ ಸಮನೆ ಹತ್ತಾರು ತೆಗೆಯಿರಿ. ಫ್ಲ್ಯಾಶ್ ಬೇಡ.

ಸೆಂಟು ಬಳಿದುಕೊಂಡು ಬರಬೇಡಿ, ಮೇಲೆ ಕೊಂಬೆಯಲ್ಲಿ ಹೆಜ್ಜೇನು ಕಟ್ಟಿದೆಯೇ ನೋಡಿಕೊಂಡೇ ಕೂರಿ. ಈ ದಿನಗಳಲ್ಲಿ ತರಗು ಗರಿಗರಿಯಾಗಿರುತ್ತದೆ. ಬೀಡಿ, ಸಿಗರೇಟು ಮನೆಯಲ್ಲೇ ಇರಲಿ. ಎದ್ದಮೇಲೆ ಪ್ಯಾಂಟಿನ ಅಂಚಿನಲ್ಲಿ ರಕ್ತ ಹೀರುವ ಉಣ್ಣೆಹುಳ ಹತ್ತಿದೆಯೇ ಹುಡುಕಿ.

ಹೆಸರು. ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಫೋಟೊ ಹಾಕಿದರೆ ಬಲ್ಲವರು ಹೇಳುತ್ತಾರೆ. ಹುಳದ ಬೆನ್ನು, ಪಕ್ಕ ಎರಡೂ ಇರಲಿ, ಜೊತೆಗೆ ಗಿಡದ ಎಲೆಯದೊಂದು. ಬರೀ ಹೂವಿನ ಚಿತ್ರ ಕಳಿಸಿ ‘ಇದ್ಯಾವ ಗಿಡ ಸಾರ್’ ಎಂದು ಕೇಳಿದರೆ ಬಲ್ಲವರೂ ತಲೆ ಕೆರೆದುಕೊಳ್ಳುತ್ತಾರೆ.