ವೆಬ್ ತಾಣಗಳ ವಿನ್ಯಾಸದ ಬಗ್ಗೆ ಕಾಲೇಜಿನಲ್ಲಿ ಮಾತಾಡುವುದು ಹೇಗೆ?

‘ವೆಬ್ ಅಪ್ಲಿಕೇಷನ್ ಮತ್ತು ಆನ್‌ಲೈನ್ ಸಮುದಾಯಗಳ ವಿನ್ಯಾಸ’ದ ಬಗ್ಗೆ ಮಾತಾಡಿ ಎಂದು ಕಾಲೇಜಿನವರು ಕರೆದರೆ, ಮೊದಲು ಆ ವಿಷಯಕ್ಕೇ ಕತ್ತರಿ ಹಾಕಿ. ಒಂದೂವರೆ ಗಂಟೆಯಲ್ಲಿ ಅಷ್ಟೆಲ್ಲ ಹೇಳಲು ಆಗುವುದಿಲ್ಲ. ರಿಯಾಕ್ಟ್, ಜಾಂಗೊದಂಥ ವೆಬ್ ತಾಣ ಕಟ್ಟುವ ಸಾಧನಗಳನ್ನು ಕಲಿಸುವ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಆದರೆ ಒಂದು ಬಟನ್ ಎಲ್ಲಿರಬೇಕು, ಯಾರಿಗೆ ಕಾಣಬೇಕು ಎಂದು ನಾವು ಮಾಡುವ ತೀರ್ಮಾನದಿಂದಲೇ ಅಲ್ಲಿ ಸೇರುವ ಜನರ ನಡವಳಿಕೆ ಬದಲಾಗುತ್ತದೆ. ಇದನ್ನು ಚೆನ್ನಾಗಿ ಕೋಡ್ ಬರೆಯುವ ಹುಡುಗ ಹುಡುಗಿಯರಿಗೂ ಯಾರೂ ಹೇಳಿಕೊಟ್ಟಿರುವುದಿಲ್ಲ. ಇಡೀ ಮಾತು ಇದರ ಸುತ್ತಲೇ ಇರಲಿ.

ಹಿಂದಿನ ದಿನದ ಕೆಲಸ

ಮಾತಿನ ನಡುವೆ ವಿದ್ಯಾರ್ಥಿಗಳಿಂದ ಕನ್ನಡ ವಿಕಿಪೀಡಿಯದಲ್ಲಿ ಏನಾದರೂ ಬರೆಸುವ ಯೋಚನೆ ಇದ್ದರೆ, ಖಾತೆಗಳನ್ನು ಹಿಂದಿನ ದಿನವೇ ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಮೊಬೈಲ್ ಡೇಟಾ ಬಳಸಿ ಮಾಡಿಕೊಂಡು ಬರಲು ಹೇಳಿ. ಒಂದೇ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ದಿನಕ್ಕೆ 6 ಹೊಸ ಖಾತೆ ಮಾತ್ರ ತೆರೆಯಲು ವಿಕಿಪೀಡಿಯ ಬಿಡುತ್ತದೆ. ಕಾಲೇಜಿನ ವೈಫೈನಲ್ಲಿ ಇಡೀ ಲ್ಯಾಬ್ ಸಾಮಾನ್ಯವಾಗಿ ಒಂದೇ ವಿಳಾಸದಿಂದ ಹೊರಗೆ ಹೋಗುತ್ತದೆ. ಏಳನೆಯವರು ಖಾತೆ ತೆರೆಯಲು ಹೋದ ಕೂಡಲೇ ಎರರ್ ಬರುತ್ತದೆ, ಕಾರ್ಯಕ್ರಮ ಅಲ್ಲೇ ನಿಲ್ಲುತ್ತದೆ. ಮರುದಿನ ಇದನ್ನೇ ಮಾತಿನಲ್ಲೂ ಬಳಸಿಕೊಳ್ಳಿ. ರಾಶಿ ರಾಶಿ ಸುಳ್ಳು ಖಾತೆ ಮಾಡುವವರನ್ನು ತಡೆಯಲು ಇಟ್ಟ ಮಿತಿ ಒಳ್ಳೆಯ ಮನಸ್ಸಿನ ಅರವತ್ತು ಜನರನ್ನೂ ತಡೆಯುತ್ತದೆ, ಅಲ್ವಾ? ವಿನ್ಯಾಸದಲ್ಲಿ ಇಂಥ ಕೊಡು-ಕೊಳ್ಳು ಯಾವಾಗಲೂ ಇರುತ್ತದೆ.

ಪ್ರೊಜೆಕ್ಟರ್ ಕೇಬಲ್, ನೆಟ್‌ವರ್ಕ್ ನೋಡಿಕೊಳ್ಳಿ. ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ಇರುವ ವಾರ ಬೇಡ.

ಸ್ಲೈಡ್ ಬಿಟ್ಟು ಪುಟ ತೆರೆಯಿರಿ

ಕಾಲೇಜು ಇರುವ ಊರಿನ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿರುವ ಪುಟವನ್ನು ಪರದೆಯ ಮೇಲೆ ತೆರೆಯಿರಿ. 2003ರಿಂದ ನಡೆಯುತ್ತಿರುವ ತಾಣ ಅದು. ಪುಟ ಓದಿಸುತ್ತಾ ಕೂರಬೇಡಿ, ಪುಟದಲ್ಲಿ ಆದ ಬದಲಾವಣೆಗಳನ್ನೆಲ್ಲ ತೋರಿಸುವ ‘ಇತಿಹಾಸ’ಕ್ಕೆ ನೇರ ಹೋಗಿ. ಪ್ರತಿ ಸಾಲಿನಲ್ಲಿ ತಾರೀಕು, ಸಮಯ, ಬರೆದವರ ಬಳಕೆದಾರ ಹೆಸರು, ಎಷ್ಟು ಬೈಟ್ ಸೇರಿತು, ಎಷ್ಟು ಹೋಯಿತು ಎಲ್ಲ ಇರುತ್ತದೆ. ಎರಡು ಆವೃತ್ತಿ ಆರಿಸಿ ಹೋಲಿಸಿ. ಯಾವ ಪದ ಬದಲಾಯಿತು ಎಂದು ಬಣ್ಣದಲ್ಲಿ ಕಾಣುತ್ತದೆ. ಈಗ ಕೇಳಿ: ‘ಯಾರು ಬೇಕಾದರೂ ತಿದ್ದಬಹುದಾದ ಪುಟ ಹಾಳಾಗದೆ ಉಳಿದಿರುವುದು ಹೇಗೆ?’ ಉತ್ತರ ಅವರ ಕಣ್ಣೆದುರೇ ಇದೆ. ಹಾಳು ಮಾಡುವುದಕ್ಕಿಂತ ಸರಿ ಮಾಡುವುದು ಅಲ್ಲಿ ಸುಲಭ. ಹಳೆಯ ಆವೃತ್ತಿ ಎಲ್ಲೂ ಹೋಗಿರುವುದಿಲ್ಲ.

ಆಮೇಲೆ ಅವರು ದಿನಾ ಬಳಸುವ, ಕೋಡಿಂಗ್ ಪ್ರಶ್ನೋತ್ತರಗಳ ತಾಣ ಸ್ಟಾಕ್ ಓವರ್‌ಫ್ಲೋಗೆ ಬನ್ನಿ. 2008ರಲ್ಲಿ ಶುರುವಾದ ಈ ತಾಣದಲ್ಲಿ ಹೊಸಬರು ಪ್ರಶ್ನೆ ಕೇಳಬಹುದು, ಉತ್ತರವನ್ನೂ ಬರೆಯಬಹುದು. ಆದರೆ ಬೇರೆಯವರ ಬರಹದ ಕೆಳಗೆ ಕಾಮೆಂಟ್ ಹಾಕಲು, ತಮ್ಮ ಬರಹಕ್ಕೆ ಬೇರೆಯವರ ಮೆಚ್ಚುಗೆಯಿಂದ ಸಿಗುವಂಥ ಅಂಕ 50 ಬೇಕು. ಮೆಚ್ಚುಗೆ ಒತ್ತಲು 15, ಕೆಳಕ್ಕೆ ಒತ್ತಲು (ಅಂದರೆ ಇದು ಚೆನ್ನಾಗಿಲ್ಲ ಎಂದು ಮತ ಹಾಕಲು) 125. ಸಾಲದ್ದಕ್ಕೆ, ಬೇರೆಯವರ ಉತ್ತರವನ್ನು ಕೆಳಕ್ಕೆ ಒತ್ತಿದರೆ ಒತ್ತಿದವರದ್ದೇ ಒಂದು ಅಂಕ ಹೋಗುತ್ತದೆ. ಹೀಗೆ ಯಾಕೆ ಮಾಡಿದ್ದಾರೆ ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಿ. ನೀವೇ ವಿವರಿಸುವುದಕ್ಕಿಂತ ಅವರು ತಾವೇ ಯೋಚಿಸಿ ಹೇಳುವುದು ಎಷ್ಟೋ ಮೇಲು.

ಕಾಗದದ ಮೇಲೆ ತಾಣ

ಇದಕ್ಕೆ ಅರ್ಧ ಗಂಟೆಯಾದರೂ ಇಡಿ. ನಾಲ್ಕು ಜನರ ಗುಂಪು, ಒಂದು ಎ4 ಹಾಳೆ, ಒಂದು ಪೆನ್ನು. ಹಳೇ ಪ್ರಶ್ನೆಪತ್ರಿಕೆ ಮತ್ತು ನೋಟ್ಸ್ ಹಂಚಿಕೊಳ್ಳುವ ತಾಣದ ಒಂದೇ ಒಂದು ಪರದೆ ಬರೆಯಲು ಹೇಳಿ. ಬರೆದಾದ ಮೇಲೆ ಗುಂಪುಗಳ ನಡುವೆ ಓಡಾಡುತ್ತಾ ಕೇಳಿ. ಮೊದಲ ದಿನ ಒಂದೂ ನೋಟ್ಸ್ ಇಲ್ಲದಿದ್ದಾಗ ಬಂದವರಿಗೆ ಏನು ಕಾಣುತ್ತದೆ? ತಪ್ಪು ಪತ್ರಿಕೆ ಹಾಕಿದರೆ ತೆಗೆಯುವವರು ಯಾರು? ಯಾರೋ ಒಬ್ಬರು ಸಹಪಾಠಿ ಹುಡುಗಿಯ ಫೋನ್ ನಂಬರ್ ಹಾಕಿ ಕೆಟ್ಟದಾಗಿ ಬರೆದರೆ, ಆಕೆ ರಾತ್ರಿ ಹನ್ನೊಂದಕ್ಕೆ ಯಾವ ಬಟನ್ ಒತ್ತಬೇಕು? ಬಹಳಷ್ಟು ಹಾಳೆಗಳಲ್ಲಿ ಆ ಬಟನ್ ಇರುವುದೇ ಇಲ್ಲ. ಸಮುದಾಯ ಕಟ್ಟುತ್ತೇವೆ ಎನ್ನುವವರು ಅದನ್ನು ಮೊದಲೇ ಬರೆಯಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಇದನ್ನು ಮೆಲ್ಲಗೆ ಹೇಳಿ ಮುಂದೆ ಹೋಗಬೇಡಿ, ಅಲ್ಲಿ ನಿಂತು ಚರ್ಚೆ ಮಾಡಿ.

ನಂತರ ಹಾಳೆಗಳನ್ನು ಅದಲು ಬದಲು ಮಾಡಿಸಿ. ಪಕ್ಕದ ಗುಂಪಿನವರು ಬೆರಳನ್ನೇ ಮೌಸ್ ಮಾಡಿಕೊಂಡು ‘ಮೂರನೇ ಸೆಮಿಸ್ಟರ್ ಪತ್ರಿಕೆ’ ಹುಡುಕಬೇಕು. ಬರೆದವರು ತುಟಿ ಪಿಟಕ್ಕೆನ್ನಬಾರದು. ಬಳಸುವವರು ಎಡವಿದ ಜಾಗಕ್ಕೆ ಸುತ್ತು ಹಾಕಿದರೆ ಸಾಕು. ಐದೇ ಜನರಿಂದ ಪರೀಕ್ಷೆ ಮಾಡಿಸಿದರೂ ಹೆಚ್ಚಿನ ತೊಂದರೆಗಳು ಗೊತ್ತಾಗುತ್ತವೆ ಎಂದು ವಿನ್ಯಾಸ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದರು.

ಪ್ರಶ್ನೆಗಳ ಹೊತ್ತು

ಮೈಕ್ ಹಿಡಿದು ಇಂಗ್ಲಿಷ್‌ನಲ್ಲೇ ಕೇಳಬೇಕು ಎಂದುಕೊಂಡು ಸುಮ್ನೆ ಕೂರುವವರು ಜಾಸ್ತಿ. ನೀವು ಮೊದಲಿಂದಲೇ ಕನ್ನಡದಲ್ಲಿ ಮಾತಾಡಿ. ಸರ್ವರ್, ಡೇಟಾಬೇಸ್, ಲಾಗಿನ್ ಪದಗಳು ಹಾಗೇ ಇರಲಿ. ಚೀಟಿಯಲ್ಲಿ ಪ್ರಶ್ನೆ ಬರೆದು ಕೊಡಲು ಹೇಳಿ, ಹೆಸರು ಬರೆಯಬೇಕಾಗಿಲ್ಲ. ಕೊನೆಯ ಬೆಂಚುಗಳಿಂದ ಮೊದಲು ಸಂಗ್ರಹಿಸಿ, ಸಮಯ ಮುಗಿದರೆ ಉಳಿದ ಚೀಟಿಗಳಿಗೆ ಉತ್ತರ ಬರೆದು ಲೆಕ್ಚರರ್ ಮೂಲಕ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿ.